ಫ್ರಾನ್ಸಿನ ಹಳೆಯ ಮೂರು ಗಾಲಿಯ ಪುಟ್ಟ ಕಾರುಗಳು: ಇಂಟರ್ 175 ಕೊಳ್ಳಬೇಕೇ, ಬೇರೆಯದನ್ನು ನೋಡಬೇಕೇ?

ಎರಡನೇ ಮಹಾಯುದ್ಧದ ನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಹುಟ್ಟಿದಷ್ಟೇ ಬೇಗ ಮಾರುಕಟ್ಟೆಯಿಂದ ಮರೆಯಾದ ಪುಟ್ಟ ಕಾರುಗಳಲ್ಲಿ ಒಂದನ್ನು ಕೊಂಡು, ಸರಿಪಡಿಸಿ, ರಸ್ತೆಗಿಳಿಸಬೇಕೆಂದು ಬಯಸುವವರಿಗಾಗಿ ಈ ಬರಹ. ಇಂಥ ಕಾರುಗಳನ್ನು ಹೆಚ್ಚಿನವರು ಚಿತ್ರ ನೋಡಿ ಮೆಚ್ಚಿ ಆರಿಸುತ್ತಾರೆ, ಏಕೆಂದರೆ ಅವುಗಳ ರೂಪವೇ ಹಾಗಿದೆ: ಒಂದು ಮೀನಿನಂತೆ ಕಾಣುತ್ತದೆ, ಇನ್ನೊಂದು ಮೊಟ್ಟೆಯಂತೆ. ಆದರೆ ಮನೆಗೆ ತಂದ ಮೇಲೆ ಎದುರಾಗುವ ಕಷ್ಟಸುಖಗಳಿಗೂ ಆ ರೂಪಕ್ಕೂ ಸಂಬಂಧ ಬಹಳ ಕಡಿಮೆ. ಕಾರನ್ನು ಎಂಥ ಸಂಸ್ಥೆ ತಯಾರಿಸಿತು, ಎಂಜಿನ್ನನ್ನು ತಾನೇ ಮಾಡಿತೋ ಹೊರಗಿನಿಂದ ತರಿಸಿತೋ, ಏಕೆ ನಿಲ್ಲಿಸಿತು ಎಂಬುದನ್ನು ತಿಳಿದುಕೊಂಡರೆ ಬಿಡಿಭಾಗ ಸಿಗುವುದೋ ಇಲ್ಲವೋ, ತುಕ್ಕು ಎಲ್ಲಿ ಹಿಡಿದಿರುತ್ತದೆ, ಯಾವುದನ್ನು ಲೇತಿನ ಮೇಲೆ ಹೊಸದಾಗಿ ಮಾಡಿಸಬೇಕಾಗುತ್ತದೆ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಇತಿಹಾಸ ಹೆಚ್ಚು, ಅಂಕಿಅಂಶಗಳ ಕೋಷ್ಟಕ ಇಲ್ಲ.

ಹೋಲಿಕೆಯ ನಡುವಿನಲ್ಲಿ ನಾನು ಇರಿಸಿಕೊಂಡಿರುವುದು ಇಂಟರ್ 175 ಬೆರ್ಲೀನ್ (ಅಂದರೆ ಮುಚ್ಚಿದ ಮೈಯ ಮಾದರಿ) ಎಂಬ ಕಾರನ್ನು. ಉಳಿದವು ಅದರ ಪಕ್ಕದಲ್ಲಿ ನಿಲ್ಲಬಲ್ಲವು: ಅದೇ ಬಗೆಯ ರೆಯೊನ್ನಾ, ಇಟಲಿಯ ಮೂಲದ ವೆಲಾಮ್ ಇಸೆಟ್ಟಾ, ಜರ್ಮನಿಯ ವಿನ್ಯಾಸದ ಅವೊಲೆತ್, ಸರಕು ಸಾಗಿಸಲೆಂದೇ ಮಾಡಿದ ಸೋಲಿತೊ, ಮತ್ತು ಯುದ್ಧಪೂರ್ವದ ದಾರ್ಮೋಂ, ಸ್ಯಾಂಡ್‌ಫರ್ಡ್, ದಿರ್ಸಾನ್ ಎಂಬ ಕ್ರೀಡಾ ಮಾದರಿಗಳು. ಫ್ರಾನ್ಸಿನದಲ್ಲದಿದ್ದರೂ ಮೆಸರ್‌ಶ್ಮಿಟ್ ಕೆಆರ್200 ಅನ್ನು ಪಕ್ಕಕ್ಕಿಟ್ಟು ಇಂಟರ್ ಬಗ್ಗೆ ಮಾತನಾಡಲು ಬರುವುದಿಲ್ಲ.

ಮೂರು ಗಾಲಿ ಏಕೆ?

ನಾಲ್ಕನೆಯ ಗಾಲಿಯನ್ನು ಕೈಬಿಟ್ಟದ್ದು ಮುಖ್ಯವಾಗಿ ಲೆಕ್ಕಾಚಾರದಿಂದ. ಹಿಂದೆ ಒಂದೇ ಗಾಲಿಯಿದ್ದರೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಬೇಕಿಲ್ಲ; ಎಂಜಿನ್ನಿನಿಂದ ಬರುವ ಚೈನನ್ನು ನೇರವಾಗಿ ಆ ಗಾಲಿಗೆ ಹಾಕಬಹುದು, ಮೋಟಾರ್ ಸೈಕಲ್ಲಿನ ಗೇರು ಪೆಟ್ಟಿಗೆಯನ್ನು ಹೆಚ್ಚು ಬದಲಾವಣೆಯಿಲ್ಲದೆ ಬಳಸಬಹುದು, ತೂಕವೂ ಖರ್ಚೂ ಇಳಿಯುತ್ತದೆ. 1945ರ ನಂತರದ ಫ್ರಾನ್ಸಿನಲ್ಲಿ ಈ ಉಳಿತಾಯಕ್ಕೆ ದೊಡ್ಡ ಬೆಲೆಯಿತ್ತು. ಕೈಗಾರಿಕಾ ಸಚಿವಾಲಯದ ಅಧಿಕಾರಿ ಪೋಲ್-ಮಾರಿ ಪೋನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಯೋಜನೆಯು ಉಕ್ಕು ಮತ್ತಿತರ ಕಚ್ಚಾ ಸಾಮಗ್ರಿಯನ್ನು ಸರ್ಕಾರ ಗೊತ್ತುಮಾಡಿದ ಕೆಲವು ಕಂಪನಿಗಳಿಗೆ ಮಾತ್ರ ಹಂಚುತ್ತಿತ್ತು. ಪಟ್ಟಿಯ ಹೊರಗುಳಿದವರು ಹೇಗೋ ದಾರಿ ಹುಡುಕಿಕೊಳ್ಳಬೇಕಿತ್ತು. ಸ್ಟ್ರಾಸ್‌ಬೋರ್ಗಿನ ಎಮಿಲ್ ಮಾತಿಸ್ ಅವರ ವಿಎಲ್333 ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಗಾಳಿಯ ತಡೆಯನ್ನು ಅರೆದು ಕುಡಿದಿದ್ದ ಎಂಜಿನಿಯರ್ ಝಾನ್ ಆಂದ್ರೊ ಯುದ್ಧಕಾಲದಲ್ಲಿ ರೂಪಿಸಿದ ಈ ಅಲ್ಯೂಮಿನಿಯಂ ಕಾರಿಗೆ ಮೂರು ಗಾಲಿ, ಮೂರು ಆಸನ, ನೂರು ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲು ಎಂಬುದು ಗುರಿಯಾಗಿತ್ತು, ಹೆಸರೂ ಅದರಿಂದಲೇ ಬಂತು. 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಮೆಚ್ಚಿದರೂ ಅದನ್ನು ತಯಾರಿಸಲು ಸಾಮಗ್ರಿ ಸಿಗಲಿಲ್ಲ. ಹತ್ತರಷ್ಟು ಮೂಲಮಾದರಿಗಳಿಗೆ ಅದರ ಕಥೆ ನಿಂತುಹೋಯಿತು. ನನ್ನ ಮಟ್ಟಿಗೆ ಇಲ್ಲಿರುವ ಎಲ್ಲ ಕಾರುಗಳಿಗಿಂತ ಅದು ಬುದ್ಧಿವಂತಿಕೆಯ ವಿನ್ಯಾಸ, ಆದರೆ ಕೊಳ್ಳಲು ಸಿಗುವ ಮಾತಿಲ್ಲ, ಆದ್ದರಿಂದ ಹೋಲಿಕೆಯಲ್ಲಿ ಅದಕ್ಕೆ ಜಾಗವೂ ಇಲ್ಲ.

ಇನ್ನೊಂದು ಕಾರಣ ಕಾನೂನಿನದು. 125 ಸಿಸಿಯ ಒಳಗಿನ ಎಂಜಿನ್ ಇರುವ ಸಣ್ಣ ವಾಹನವನ್ನು ಆಗ ಫ್ರಾನ್ಸಿನಲ್ಲಿ ಚಾಲನಾ ಪರವಾನಗಿ ಇಲ್ಲದೆ ಓಡಿಸಬಹುದಾಗಿತ್ತು. ಪ್ಯುತೋದ ಮೋಶೆ ಕುಟುಂಬದ ನಾಲ್ಕು ಗಾಲಿಯ ಪುಟ್ಟ ಕಾರುಗಳು ಬಹುಪಾಲು ಈ ಸವಲತ್ತಿನ ಮೇಲೆಯೇ ಬದುಕಿದವು. ಇಂಟರ್ ಮತ್ತು ರೆಯೊನ್ನಾ 175 ಸಿಸಿಗೆ ಹೋದವು; ಅಂದರೆ ಆ ಸವಲತ್ತನ್ನು ಬಿಟ್ಟುಕೊಟ್ಟು, ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವ ಶಕ್ತಿಯನ್ನು ಆರಿಸಿಕೊಂಡವು. ಇಂದು ಇವುಗಳನ್ನು ಊರಿನ ಹೊರಗೆ ಓಡಿಸಬೇಕೆನ್ನುವವರಿಗೆ ಆ ಹೆಚ್ಚುವರಿ 50 ಸಿಸಿ ಎಷ್ಟು ದೊಡ್ಡದೆಂಬುದು ಮೊದಲ ಏರಿನಲ್ಲೇ ಗೊತ್ತಾಗುತ್ತದೆ.

ಒಂಟಿ ಗಾಲಿ ಮುಂದಿದೆಯೋ ಹಿಂದಿದೆಯೋ ಎಂಬುದು ಎಲ್ಲಕ್ಕಿಂತ ಮೊದಲು ನೋಡಬೇಕಾದ ವಿಷಯ. ಮುಂದೆ ಎರಡು, ಹಿಂದೆ ಒಂದು ಎಂಬ ಜೋಡಣೆಯಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರವು ಅಗಲವಾದ ಮುಂಭಾಗಕ್ಕೆ ಜಾರುತ್ತದೆ, ವಾಹನ ನೆಲಕ್ಕೆ ಅಂಟಿಕೊಂಡಿರುತ್ತದೆ. ಒಂಟಿ ಗಾಲಿ ಮುಂದಿದ್ದರೆ ಅದೇ ಭಾರ ಆಸರೆಯಿಲ್ಲದ ಮೂಲೆಯ ಕಡೆಗೆ ವಾಲುತ್ತದೆ, ಆದ್ದರಿಂದ ಅಂಥ ವಾಹನವನ್ನು ತಿರುವಿಗೆ ಮುನ್ನವೇ ನಿಧಾನಿಸಿಕೊಳ್ಳಬೇಕು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಫೈಬರ್ ಗ್ಲಾಸ್ ಮೈಯ ಬಾದಲ್ ಕಾರನ್ನು ಕಂಡವರಿಗೆ ಈ ಎರಡನೆಯ ಜೋಡಣೆ ಪರಿಚಿತ. 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನನ್ನು ಹಿಂದಿಟ್ಟುಕೊಂಡಿದ್ದ ಅದೂ ಮುಂದೆ ನಾಲ್ಕು ಗಾಲಿಗೆ ಬದಲಾಯಿತು. ಇಲ್ಲಿ ಹೋಲಿಸುತ್ತಿರುವ ಫ್ರೆಂಚ್ ಕಾರುಗಳಲ್ಲಿ ಸೋಲಿತೊ ಒಂದೇ ಒಂಟಿ ಮುಂಗಾಲಿಯದು.

ಇಂಟರ್ 175: ವಿಮಾನ ಕಾರ್ಖಾನೆಯ ಕಾರು

ಇಂಟರ್ ಕಾರನ್ನು ತಯಾರಿಸಿದ್ದು ಎಸ್‌ಎನ್‌ಸಿಎಎನ್, ಅಂದರೆ ಉತ್ತರ ಭಾಗದ ರಾಷ್ಟ್ರೀಯ ವಿಮಾನ ನಿರ್ಮಾಣ ಸಂಸ್ಥೆ. 1936ರಲ್ಲಿ ಫ್ರಾನ್ಸಿನ ಸರ್ಕಾರ ಯುದ್ಧ ವಿಮಾನಗಳ ಉದ್ಯಮವನ್ನು ರಾಷ್ಟ್ರೀಕರಿಸಲು ಕಾಯ್ದೆ ಮಾಡಿದಾಗ ಪೊತೇಜ್, ಸಿಎಎಂಎಸ್, ಅಮಿಯೊ, ಬ್ರೆಗೆ ಮುಂತಾದವರ ಉತ್ತರದ ಕಾರ್ಖಾನೆಗಳನ್ನು ಒಂದುಗೂಡಿಸಿ ಈ ಸಂಸ್ಥೆಯನ್ನು ಕಟ್ಟಲಾಯಿತು. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಪ್ಯಾರಿಸ್ ಸಮೀಪದ ಲೆ ಮ್ಯುರೋ ಕಾರ್ಖಾನೆಯಲ್ಲಿ ಮೆಸರ್‌ಶ್ಮಿಟ್ ಬಿಎಫ್108 ಎಂಬ ಪ್ರಯಾಣದ ವಿಮಾನವನ್ನು ಅದು ಜರ್ಮನರಿಗಾಗಿ ತಯಾರಿಸಬೇಕಾಯಿತು. ಯುದ್ಧ ಮುಗಿದ ಮೇಲೆ ಅದೇ ವಿಮಾನವನ್ನು ನೋರ್ 1000 ಎಂಬ ಹೆಸರಿನಲ್ಲಿ ಫ್ರಾನ್ಸಿಗಾಗಿ ಮುಂದುವರಿಸಿತು. ಹತ್ತು ವರ್ಷಗಳ ಅಂತರದಲ್ಲಿ ಮೆಸರ್‌ಶ್ಮಿಟ್ ಕಂಪನಿ ರೇಗನ್ಸ್‌ಬುರ್ಗಿನಲ್ಲಿಯೂ ಎಸ್‌ಎನ್‌ಸಿಎಎನ್ ಫ್ರಾನ್ಸಿನಲ್ಲಿಯೂ ಒಂದೇ ವರ್ಷ, 1953ರಲ್ಲಿ, ಒಬ್ಬರ ಹಿಂದೆ ಒಬ್ಬರು ಕೂರುವ ಮೂರು ಗಾಲಿಯ ಪುಟ್ಟ ಕಾರನ್ನು ಜನರ ಮುಂದಿಟ್ಟವು ಎಂಬುದು ಕುತೂಹಲಕರ ಸಂಗತಿ.

ಎರಡಕ್ಕೂ ಹಿನ್ನೆಲೆ ಮಾತ್ರ ಬೇರೆ. ಸೋತ ಜರ್ಮನಿಗೆ ವಿಮಾನ ಕಟ್ಟಲು ಅನುಮತಿಯೇ ಇರಲಿಲ್ಲ, ಆದ್ದರಿಂದ ಮೆಸರ್‌ಶ್ಮಿಟ್‌ಗೆ ಕಾರು ಹೊಟ್ಟೆಪಾಡಿನ ಕೆಲಸ. ಫ್ರೆಂಚ್ ಸಂಸ್ಥೆಗೆ ವಿಮಾನದ ಕೆಲಸ ಕೈಯಲ್ಲೇ ಇತ್ತು. 1949ರಲ್ಲಿ ಮೊದಲ ಬಾರಿ ಹಾರಿದ ಅದರ ನೋರಾತ್ಲಾಸ್ ಸಾಗಣೆ ವಿಮಾನಕ್ಕೆ ಐವತ್ತರ ದಶಕದಲ್ಲಿ ಬೇಡಿಕೆ ಬೆಳೆಯುತ್ತಲೇ ಹೋಗಿ, ಒಟ್ಟು 400ಕ್ಕೂ ಹೆಚ್ಚು ತಯಾರಾದವು. ಕಾರು ಅಲ್ಲಿ ಪಕ್ಕದ ಕೆಲಸವಾಗಿಯೇ ಉಳಿಯಿತು, 1956ರ ಹೊತ್ತಿಗೆ ನಿಂತೂ ಹೋಯಿತು. ಸಂಸ್ಥೆ ಮುಂದೆ ನೋರ್ ಅವಿಯಾಸ್ಯೋಂ ಎಂಬ ಹೆಸರು ಪಡೆದು, 1970ರಲ್ಲಿ ಸ್ಯೂದ್ ಅವಿಯಾಸ್ಯೋಂ ಜೊತೆ ಸೇರಿ ಏರೋಸ್ಪಾಸಿಯಾಲ್ ಆಯಿತು. ಕೊಳ್ಳುವವರಿಗೆ ಇದರ ಅರ್ಥ ಇಷ್ಟು: ಇಂಟರ್ ಕಾರಿನ ತಯಾರಕ ಸಂಸ್ಥೆ ದಿವಾಳಿಯಾಗದೆ ಬೆಳೆದು ದೊಡ್ಡದಾದರೂ, ಈ ಕಾರಿಗೆ ಬಿಡಿಭಾಗ ಪೂರೈಸುವ ವಾರಸುದಾರರು ಯಾರೂ ಉಳಿಯಲಿಲ್ಲ.

ಕಾರಿನ ಒಳಗೆ ಇಣುಕಿದರೆ ಆಯ್ಕೆಯ ಹಿಂದಿನ ಯೋಚನೆ ಕಾಣುತ್ತದೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ಚಾಲಕ ಮುಂದೆ, ಸಹಪ್ರಯಾಣಿಕ ಅವನ ಬೆನ್ನ ಹಿಂದೆ. ಎದುರು ಗಾಳಿಗೆ ಒಡ್ಡುವ ಅಗಲ ಕಡಿಮೆಯಾಗುವುದರಿಂದ ಸಣ್ಣ ಎಂಜಿನ್ನಿನಲ್ಲೂ ತಕ್ಕಮಟ್ಟಿನ ವೇಗ ಬರುತ್ತದೆ. ಇದಕ್ಕೂ ವಿಶೇಷವೆಂದರೆ ಮುಂದಿನ ಗಾಲಿಗಳನ್ನು ಒಳಕ್ಕೆ ಮಡಚಬಹುದು. ಐವತ್ತರ ದಶಕದ ಪ್ಯಾರಿಸ್ಸಿನಲ್ಲಿ ಗ್ಯಾರೇಜು ಇಲ್ಲದ ವಠಾರದ ಮನೆಗಳೇ ಹೆಚ್ಚು. ಕಾರನ್ನು ಕಿರಿದಾಗಿಸಿ, ಇಕ್ಕಟ್ಟಾದ ಬಾಗಿಲಿನ ಮೂಲಕ ಒಳ ಅಂಗಳಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಬಹುದೆಂಬುದು ಆಗಿನ ಕೊಳ್ಳುಗನಿಗೆ ನಿಜವಾದ ಆಕರ್ಷಣೆಯಾಗಿತ್ತು.

ಇಂದಿನ ಕೊಳ್ಳುಗನಿಗೆ ಅದೇ ಮಡಚುವ ವ್ಯವಸ್ಥೆ ದೊಡ್ಡ ಎಚ್ಚರಿಕೆಯ ಜಾಗ. ಮಡಚಲು ಕೀಲು ಬೇಕು, ಕೀಲಿಗೆ ಪಿನ್ನು ಮತ್ತು ಬುಶ್ ಬೇಕು, ಓಡುವಾಗ ಅದು ಮಡಚಿಕೊಳ್ಳದಂತೆ ಭದ್ರವಾದ ಬೀಗವೂ ಬೇಕು. ಎಪ್ಪತ್ತು ವರ್ಷಗಳಲ್ಲಿ ಇವೆಲ್ಲ ಸವೆದಿರುತ್ತವೆ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಿಗುವ ಸಡಿಲ ಗಾಲಿಯ ಬೇರಿಂಗಿನದೋ ಮಡಚುವ ಕೀಲಿನದೋ ಎಂಬುದನ್ನು ಬೇರೆಬೇರೆಯಾಗಿ ಗುರುತಿಸಬೇಕು. ಬೇರಿಂಗು ಅಂಗಡಿಯಲ್ಲಿ ಸಿಗುತ್ತದೆ, ಕೀಲನ್ನು ಮಾಡಿಸಿಕೊಳ್ಳಬೇಕು. ಹಿಂದಿನ ಮಾಲೀಕರು ಯಾರಾದರೂ ಬೇಸತ್ತು ಗಾಲಿ ಹೊತ್ತ ತೋಳುಗಳನ್ನು ವೆಲ್ಡಿಂಗ್ ಮಾಡಿ ಕೂರಿಸಿದ್ದರೆ ಕಾರಿನ ಚಾರಿತ್ರಿಕ ಮೌಲ್ಯದ ಅರ್ಧಭಾಗ ಅಲ್ಲಿಗೇ ಹೋದಂತೆ, ಬೆಲೆಯಲ್ಲಿ ಅದಕ್ಕೆ ತಕ್ಕ ಕಡಿತ ಕೇಳುವುದು ನ್ಯಾಯ.

ಎಂಜಿನ್ನಿನ ವಿಷಯದಲ್ಲಿ ಮಾತ್ರ ಇಂಟರ್ ಸಮಾಧಾನ ಕೊಡುತ್ತದೆ. ಅದು ಇದ್ರಾಲ್ ಕಂಪನಿಯ 175 ಸಿಸಿಯ ಒಂದು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಸ್ವಂತ ಎಂಜಿನ್ ಮಾಡದ ಎಷ್ಟೋ ಫ್ರೆಂಚ್ ಮೋಟಾರ್ ಸೈಕಲ್ ತಯಾರಕರು ಇದನ್ನೇ ಕೊಂಡು ಬಳಸುತ್ತಿದ್ದರು, ಹೀಗಾಗಿ ಪಿಸ್ಟನ್, ರಿಂಗು, ಕಾರ್ಬ್ಯುರೇಟರಿನ ಬಿಡಿಭಾಗಗಳನ್ನು ಕಾರಿನವರ ಬಳಿ ಹುಡುಕುವ ಬದಲು ಹಳೆಯ ಮೋಟಾರ್ ಸೈಕಲ್ ಕೂಟಗಳಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಒಂದು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಜೋಡಿಸುವುದು ನಮ್ಮೂರಿನ ಯಾವ ಹಳೆಯ ಸ್ಕೂಟರ್ ಮೆಕ್ಯಾನಿಕ್ಕಿಗೂ ಹೊಸ ವಿದ್ಯೆಯಲ್ಲ. ವರ್ಷಗಟ್ಟಲೆ ನಿಂತಿದ್ದ ಕಾರಿನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ, ಆಯಿಲ್ ಸೀಲು ಒಣಗಿ ಬಿರಿದಿರುತ್ತದೆ. ಸೀಲು ಗಾಳಿ ಎಳೆದುಕೊಂಡರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮಾರುವವರು ಎಷ್ಟೇ ಚೆನ್ನಾಗಿ ಸ್ಟಾರ್ಟ್ ಮಾಡಿ ತೋರಿಸಿದರೂ ಎಂಜಿನ್ ಒಮ್ಮೆ ಪೂರ್ತಿ ಬಿಚ್ಚುವ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತನಾಡಬೇಕು.

ಅತ್ತ ರೆಯೊನ್ನಾ, ಇತ್ತ ಮೆಸರ್‌ಶ್ಮಿಟ್

ಮಡಚುವ ಗಾಲಿ, ಹಿಂದುಮುಂದು ಆಸನ, ಇದ್ರಾಲ್ 175 ಎಂಜಿನ್ ಎಂಬ ಮೂರೂ ಒಟ್ಟಿಗೆ ಇರುವ ಇನ್ನೊಂದು ಕಾರು ರೆಯೊನ್ನಾ. ಇದನ್ನು ಪ್ಯಾರಿಸ್ಸಿನಲ್ಲಿ ರೊಬೇರ್ ಅನ್ವಾಯೇ ಎಂಬವರು 1950ರಿಂದ 1954ರವರೆಗೆ ತಯಾರಿಸಿದರು, ಕೆಲವಕ್ಕೆ 250 ಸಿಸಿಯ ಎಎಂಸಿ ಎಂಜಿನ್ ಕೂಡ ಹಾಕಿದರು. ಕಾಲದಲ್ಲಿ ಇದು ಇಂಟರ್‌ಗಿಂತ ಮುಂಚಿನದು. ಆದರೆ ಒಬ್ಬ ವ್ಯಕ್ತಿಯ ಚಿಕ್ಕ ಕಾರ್ಯಾಗಾರದಿಂದ ಹೊರಬಂದದ್ದರಿಂದ ತಯಾರಾದ ಕಾರುಗಳು ಬಹಳ ಕಡಿಮೆ. ಉಳಿದವು ಬಹುತೇಕ ಸಂಗ್ರಹಾಲಯಗಳಲ್ಲೂ ದೊಡ್ಡ ಸಂಗ್ರಹಕಾರರ ಬಳಿಯೂ ಸೇರಿಕೊಂಡಿವೆ. ವಿರಳತೆಯನ್ನೇ ಬಯಸುವವರಿಗೆ ಇಂಟರ್‌ಗಿಂತ ರೆಯೊನ್ನಾ ಮೇಲು, ಸಂಶಯವಿಲ್ಲ. ಓಡಿಸಬೇಕೆನ್ನುವವರಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ: ಕೈಯಲ್ಲಿ ಮಾಡಿದ ಕಾರಿನ ಒಂದು ತೋಳು ಮುರಿದರೆ ಅದನ್ನು ನೋಡಿ ಇನ್ನೊಂದು ಮಾಡಿಸೋಣವೆಂದರೆ ಅಳತೆಗೆ ಎರಡನೆಯ ಕಾರು ಸಿಗುವುದೇ ಕಷ್ಟ.

ಮೆಸರ್‌ಶ್ಮಿಟ್ ಇದಕ್ಕೆ ನೇರ ವಿರುದ್ಧ. ಫ್ರಿಟ್ಸ್ ಫೆಂಡ್ ಎಂಬ ಎಂಜಿನಿಯರ್ ಅಂಗವಿಕಲರಿಗಾಗಿ ಮಾಡುತ್ತಿದ್ದ ಸಣ್ಣ ವಾಹನದಿಂದ ಬೆಳೆದ ಕೆಆರ್175, ಅದರ ನಂತರ 1955ರಲ್ಲಿ ಬಂದ 191 ಸಿಸಿಯ ಕೆಆರ್200, ಇವೆರಡೂ ದೊಡ್ಡ ಪ್ರಮಾಣದಲ್ಲಿ ತಯಾರಾದವು. ಕೆಆರ್200 ಮೊದಲ ವರ್ಷದಲ್ಲೇ ಸುಮಾರು 12 ಸಾವಿರ ಹೊರಬಂತು, 1964ರವರೆಗೂ ಉಳಿಯಿತು. ಅದರ ಫಿಖ್ಟೆಲ್ ಮತ್ತು ಜಾಕ್ಸ್ ಕಂಪನಿಯ ಎಂಜಿನ್ನಿಗೆ ಬಿಡಿಭಾಗ ಇಂದಿಗೂ ಹೊಸದಾಗಿ ತಯಾರಾಗುತ್ತದೆ, ಮಾಲೀಕರ ಸಂಘಗಳು ಗಟ್ಟಿಯಾಗಿವೆ. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ನಿಲ್ಲಿಸಿ ವಿರುದ್ಧ ದಿಕ್ಕಿನಲ್ಲಿ ಮತ್ತೆ ಸ್ಟಾರ್ಟ್ ಮಾಡಬೇಕು, ಆಗ ನಾಲ್ಕು ಗೇರೂ ಹಿಂದಕ್ಕೇ ಸಿಗುತ್ತವೆ. ಒಬ್ಬರ ಹಿಂದೆ ಒಬ್ಬರು ಕೂತು, ಗಾಜಿನ ಗುಮ್ಮಟದ ಕೆಳಗೆ ಹೋಗುವ ಅನುಭವವಷ್ಟೇ ಬೇಕಾದರೆ ಇಂಟರ್‌ಗಾಗಿ ವರ್ಷಗಟ್ಟಲೆ ಕಾಯುವ ಬದಲು ಕೆಆರ್200 ಕೊಳ್ಳುವುದೇ ಜಾಣತನ. ಇಂಟರ್ ಬೇಕೆನ್ನಲು ಫ್ರೆಂಚ್ ಎಂಬ ಕಾರಣವೋ ಮಡಚುವ ಗಾಲಿಯೋ ನಿಜವಾಗಿ ಮನಸ್ಸಿಗೆ ಹಿಡಿದಿರಬೇಕು. ಬೆಲೆಯ ವಿಷಯದಲ್ಲಿ ಒಂದು ಮಾತು: 2013ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಮ್ಯಾಡಿಸನ್ನಿನಲ್ಲಿ ಬ್ರೂಸ್ ವೈನರ್ ಅವರ ಪುಟ್ಟ ಕಾರುಗಳ ಸಂಗ್ರಹವಿಡೀ ಹರಾಜಾದ ಮೇಲೆ ಇಂಥ ಎಲ್ಲ ಕಾರುಗಳಿಗೂ ಮಾರುವವರ ನಿರೀಕ್ಷೆ ಏರಿಬಿಟ್ಟಿತು, ಅಲ್ಲಿನ ಹೊಳೆಯುವ ಕಾರುಗಳ ದರವನ್ನು ಕೊಟ್ಟಿಗೆಯಲ್ಲಿ ಬಿದ್ದಿರುವ ಕಾರಿಗೆ ಹೇಳಿದರೆ ಒಪ್ಪಬೇಕಾಗಿಲ್ಲ.

ವೆಲಾಮ್ ಇಸೆಟ್ಟಾ: ಮೂರು ಗಾಲಿಯಂತೆ ಕಾಣುವ ನಾಲ್ಕು ಗಾಲಿ

ಲೆಕ್ಕಕ್ಕೆ ವೆಲಾಮ್‌ಗೆ ನಾಲ್ಕು ಗಾಲಿಗಳಿವೆ. ಆದರೆ ಹಿಂದಿನ ಎರಡು ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಇರುವುದರಿಂದ ಇಲ್ಲೂ ಡಿಫರೆನ್ಷಿಯಲ್ ಇಲ್ಲ, ಮೂರು ಗಾಲಿಯ ಉಳಿತಾಯವೆಲ್ಲ ಸಿಕ್ಕಿದೆ. ಮೂಲ ವಿನ್ಯಾಸ ಮಿಲಾನ್ ಬಳಿಯ ಬ್ರೆಸ್ಸೊದ ಇಜೊ ಕಂಪನಿಯದು. ರೂಪಿಸಿದ ಎರ್ಮೆನೆಜಿಲ್ಡೊ ಪ್ರೇತಿಯೂ ವಿಮಾನಗಳ ಎಂಜಿನಿಯರೇ. 1954ರಲ್ಲಿ ಫ್ರಾನ್ಸಿನ ವೆಲಾಮ್ ಕಂಪನಿ ಇದನ್ನು ತಯಾರಿಸಲು ಪರವಾನಗಿ ಪಡೆಯಿತು. ಮೈಯನ್ನು ಅಚ್ಚೊತ್ತುವ ಯಂತ್ರಗಳನ್ನು ಇಜೊ ಆಗಲೇ ಬಿಎಂಡಬ್ಲ್ಯುಗೆ ಮಾರಿದ್ದರಿಂದ ಫ್ರೆಂಚರು ತಮ್ಮದೇ ಮೈಯನ್ನು ರೂಪಿಸಿಕೊಳ್ಳಬೇಕಾಯಿತು. ಅದು ಇಟಲಿಯದಕ್ಕಿಂತ ಇನ್ನೂ ಗುಂಡಗಾಯಿತು, ಜನ ಅದನ್ನು ಮೊಸರಿನ ಕುಡಿಕೆ ಎಂದು ಕರೆದರು.

ತಯಾರಿಕೆ ನಡೆದದ್ದು ಪ್ಯಾರಿಸ್ ಪಕ್ಕದ ಸ್ಯುರೇನ್‌ನಲ್ಲಿ, ಟಾಲ್ಬೊ ಕಂಪನಿಯ ಹಳೆಯ ಕಾರ್ಖಾನೆಯಲ್ಲಿ. 1949ರ ಫ್ರೆಂಚ್ ಗ್ರಾಂ ಪ್ರಿ ರೇಸಿನಲ್ಲಿ ಲೂಯಿ ಶಿರೋನ್ ಗೆಲ್ಲಿಸಿದ ಟಾಲ್ಬೊ-ಲಾಗೊ ಕಾರು ಹುಟ್ಟಿದ ಜಾಗವೇ ಅದು. ಆ ಗೆಲುವಿನ ತಂಡದ ಒಡೆಯ ಪೋಲ್ ವಾಲೆ ಕೂಡ ಮುಂದೆ ಸ್ಕೂಟರುಗಳ ಜೊತೆಗೆ ಶಾಂತ್‌ಕ್ಲೇರ್ ಎಂಬ ಮೂರು ಗಾಲಿಯ ಪುಟ್ಟ ಕಾರು ಮಾಡಿದರು. ರೇಸಿನ ದೊಡ್ಡವರೂ ಈ ಸಣ್ಣ ಕಾರುಗಳತ್ತ ಹೊರಳಿದ್ದನ್ನು ನೋಡಿದರೆ ಆ ಕಾಲದಲ್ಲಿ ಇವುಗಳ ಮೇಲೆ ಎಷ್ಟು ಭರವಸೆಯಿತ್ತೆಂಬುದು ತಿಳಿಯುತ್ತದೆ.

ಓಡಿಸುವ ದೃಷ್ಟಿಯಿಂದ ವೆಲಾಮ್ ಉಳಿದೆಲ್ಲಕ್ಕಿಂತ ಸುಖಕರ. ಇಬ್ಬರು ಪಕ್ಕಪಕ್ಕದಲ್ಲಿ ಕೂರಬಹುದು, ಮುಂಭಾಗವೇ ಬಾಗಿಲಾಗಿರುವುದರಿಂದ ವಯಸ್ಸಾದವರೂ ಕಾಲುದಾರಿಯಿಂದ ನೇರವಾಗಿ ಒಳಗೆ ಹೆಜ್ಜೆಯಿಡಬಹುದು. ಒಟ್ಟು ಏಳು ಸಾವಿರದ ಆಸುಪಾಸು ತಯಾರಾದ್ದರಿಂದ ಹುಡುಕಿದರೆ ಸಿಗುತ್ತದೆ. 236 ಸಿಸಿಯ ಎಂಜಿನ್ ಇಜೊ ಮೋಟಾರ್ ಸೈಕಲ್ಲುಗಳ ಮನೆತನದ್ದು: ಎರಡು ಪಿಸ್ಟನ್‌ಗಳಿಗೆ ಒಂದೇ ದಹನ ಕೋಣೆ, ಒಂದು ಪಿಸ್ಟನ್ ಹೊಸ ಮಿಶ್ರಣದ ದಾರಿಯನ್ನೂ ಇನ್ನೊಂದು ಹೊಗೆಯ ದಾರಿಯನ್ನೂ ನೋಡಿಕೊಳ್ಳುತ್ತದೆ. ಈ ಎಂಜಿನ್ ಬಿಎಂಡಬ್ಲ್ಯು ಇಸೆಟ್ಟಾದ ಫೋರ್ ಸ್ಟ್ರೋಕ್ ಎಂಜಿನ್ನಿಗಿಂತ ಪೂರ್ತಿ ಬೇರೆ. ಬಿಎಂಡಬ್ಲ್ಯು ಬಿಡಿಭಾಗ ಮಾರುವವರು ಎಲ್ಲೆಡೆ ಇದ್ದಾರಲ್ಲ ಎಂಬ ಧೈರ್ಯದಲ್ಲಿ ವೆಲಾಮ್ ಕೊಂಡರೆ ನಿರಾಶೆ ಖಚಿತ. ಮೈಯ ತಗಡೂ ಹೊಂದುವುದಿಲ್ಲ, ಎಂಜಿನ್ನೂ ಹೊಂದುವುದಿಲ್ಲ. ಇನ್ನೂ ಮುಖ್ಯ ವ್ಯತ್ಯಾಸ ಕೆಳಗಿದೆ. ಇಟಲಿ ಮತ್ತು ಜರ್ಮನಿಯ ಇಸೆಟ್ಟಾಗಳಿಗೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಚೌಕಟ್ಟು, ಇದೆ, ವೆಲಾಮ್‌ಗೆ ಇಲ್ಲ. ಮುಂದಿನ ಸಸ್ಪೆನ್ಷನ್ನನ್ನು ಮೈಗೇ ಬೋಲ್ಟ್ ಮಾಡಿ, ಎಂಜಿನ್ ಮತ್ತು ಹಿಂಗಾಲಿಗಳನ್ನು ಹೊತ್ತ ಉಪಚೌಕಟ್ಟನ್ನು ಹಿಂದಿನಿಂದ ಮೈಗೇ ಬಿಗಿದಿದ್ದಾರೆ. ಅಂದರೆ ನೆಲದ ತಗಡು ತುಕ್ಕು ಹಿಡಿದರೆ ಅಂದ ಕೆಡುವುದರ ಜೊತೆಗೆ ಇಡೀ ಕಾರಿನ ಬಲವೇ ಕುಗ್ಗುತ್ತದೆ. ಕಾಲ ಕೆಳಗಿನ ಚಾಪೆ ಎತ್ತಿ, ಉಪಚೌಕಟ್ಟಿನ ಬೋಲ್ಟುಗಳ ಸುತ್ತ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡದೆ ವೆಲಾಮ್ ಕೊಳ್ಳಬಾರದು.

ಅವೊಲೆತ್ ಮತ್ತು ಫೈಬರ್ ಗ್ಲಾಸಿನ ಪ್ರಶ್ನೆ

ಅವೊಲೆತ್ ನೋಡಲು ಬಹಳ ಚೆಲುವಾದದ್ದು, ದೋಣಿಯಂಥ ತೆರೆದ ಮೈ, ಮೂರು ಗಾಲಿ. 1955ರಿಂದ ಪ್ಯಾರಿಸ್ಸಿನಲ್ಲಿ ಏರ್ ಟೂರಿಸ್ಟ್ ಎಂಬ ಕಂಪನಿ ಸ್ಟುಟ್‌ಗಾರ್ಟಿನ ಎಗೊನ್ ಬ್ರ್ಯುಚ್ ಅವರ ವಿನ್ಯಾಸಕ್ಕೆ ಪರವಾನಗಿ ಪಡೆದು ಇದನ್ನು ಮಾಡಿತು. ಬ್ರ್ಯುಚ್ ಅವರಿಗೆ ರೂಪದ ಕಣ್ಣಿತ್ತು. ಗಟ್ಟಿತನದ ಲೆಕ್ಕ ಅಷ್ಟಾಗಿ ಇರಲಿಲ್ಲ. ಅವರ ಕಾರುಗಳಲ್ಲಿ ಚಾಸಿ ಇಲ್ಲದೆ ಸಸ್ಪೆನ್ಷನ್ನನ್ನು ನೇರವಾಗಿ ಫೈಬರ್ ಗ್ಲಾಸ್ ಮೈಗೆ ಬಿಗಿಯುವ ಪದ್ಧತಿಯಿತ್ತು, ಕೆಲವೇ ಕಾಲದಲ್ಲಿ ಆ ಜಾಗಗಳು ಸೀಳುತ್ತಿದ್ದವು. ಅವರ ಷ್ಪಾಟ್ಸ್ ಕಾರಿಗೆ ಜರ್ಮನಿಯಲ್ಲಿ ಪರವಾನಗಿ ಪಡೆದ ಹಾರಾಲ್ಡ್ ಫ್ರೀಡ್ರಿಖ್, ವಿಖ್ಯಾತ ಎಂಜಿನಿಯರ್ ಹಾನ್ಸ್ ಲೆಡ್ವಿಂಕಾ ಅವರಿಂದ ಮಧ್ಯದಲ್ಲಿ ಉಕ್ಕಿನ ಕೊಳವೆಯ ಬೆನ್ನೆಲುಬು ಹಾಕಿಸಿ, ನಾಲ್ಕನೆಯ ಗಾಲಿ ಸೇರಿಸಿ, ಪರವಾನಗಿ ಶುಲ್ಕ ಕೊಡಲು ನಿರಾಕರಿಸಿದರು. ನ್ಯಾಯಾಲಯವೂ ಅವರ ಪಕ್ಷ ವಹಿಸಿತು. ಬ್ರ್ಯುಚ್ ಅವರ ವಿನ್ಯಾಸದಿಂದಲೇ ಬಂದ ಅವೊಲೆತ್ ಕೊಳ್ಳುವವರು ಗಾಲಿಯ ತೋಳುಗಳು ಮೈಯನ್ನು ಸೇರುವ ಜಾಗಗಳನ್ನು ಟಾರ್ಚು ಹಿಡಿದು ಪರೀಕ್ಷಿಸಲೇಬೇಕು. ಬಣ್ಣದ ಮೇಲೆ ನಕ್ಷತ್ರದಂತೆ ಹರಡಿದ ಬಿರುಕು ಕಂಡರೆ ಒಳಗಿನ ಪದರ ಬಿಟ್ಟುಕೊಂಡಿದೆ ಎಂದರ್ಥ. ರೆಸಿನ್ ಹಚ್ಚಿ ಮುಚ್ಚುವುದು ಸುಲಭ, ಆದರೆ ಭಾರ ಹೊರುವ ಜಾಗದಲ್ಲಿ ಆ ರಿಪೇರಿ ಸಾಲದು, ಒಳಗಿನಿಂದ ಲೋಹದ ಆಧಾರ ಕೊಡಬೇಕು. ಎಂಜಿನ್ ಕೂಡ ಕಾರಿನಿಂದ ಕಾರಿಗೆ ಬೇರೆ ಇರಬಹುದಾದ್ದರಿಂದ ಯಾವುದು ಮೂಲದ್ದೆಂದು ಸಾಧಿಸುವುದು ಕಷ್ಟ. ಬೇಸಗೆಯ ಒಂದೆರಡು ಪ್ರದರ್ಶನಗಳಿಗೆ ಟ್ರೇಲರಿನ ಮೇಲೆ ಒಯ್ಯುವವರು ಅವೊಲೆತ್ ಇಟ್ಟುಕೊಳ್ಳಲಿ.

ಸೋಲಿತೊ: ಯಾರೂ ಕೇಳದ, ಆದರೆ ಕೇಳಬೇಕಾದ ಆಯ್ಕೆ

ಲಿಯೋನ್ ನಗರದಲ್ಲಿ ಪೋಲ್ ಮಾರ್ಟೆನ್ ಕಟ್ಟಿದ ನ್ಯೂ-ಮ್ಯಾಪ್ ಎಂಬ ಮೋಟಾರ್ ಸೈಕಲ್ ಕಂಪನಿಯಿಂದ ಬಂದ ಸೋಲಿತೊ ಚೆಲುವಿನ ವಾಹನವಲ್ಲ. ಒಂಟಿ ಮುಂಗಾಲಿ, ಚಪ್ಪಟೆ ತಗಡಿನ ಮೈ, ಹಿಂದೆ ಸರಕಿನ ಜಾಗ. ಹಾಲು, ತರಕಾರಿ, ಉಪಕರಣ ಸಾಗಿಸುವ ಸಣ್ಣ ವ್ಯಾಪಾರಿಗಳಿಗೆಂದು ಮಾಡಿದ್ದು. ನಮ್ಮ ಗೂಡ್ಸ್ ಆಟೋಗಳನ್ನು ಕಂಡವರಿಗೆ ಇದರ ಒಳಗಿನದೇನೂ ಅಪರಿಚಿತವೆನಿಸದು. ಆದರೆ ಇಲ್ಲಿನ ಉಳಿದ ಫ್ರೆಂಚ್ ಪುಟ್ಟ ಕಾರುಗಳೆಲ್ಲ ಐವತ್ತರ ದಶಕ ಮುಗಿಯುವ ಮುನ್ನವೇ ಕಣ್ಮುಚ್ಚಿದಾಗ ಸೋಲಿತೊ 1952ರಿಂದ ಎಪ್ಪತ್ತರ ದಶಕದವರೆಗೆ ಬದುಕಿತು. ಅಷ್ಟು ದೀರ್ಘಕಾಲ ತಯಾರಾದದ್ದರಿಂದ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಇಂದಿಗೂ ಸಿಗುತ್ತದೆ. ಬಾಗಿದ ಗಾಜಿಲ್ಲ, ಗುಮ್ಮಟವಿಲ್ಲ, ಚಪ್ಪಟೆ ತಗಡನ್ನು ಯಾವ ಗ್ಯಾರೇಜಿನಲ್ಲೂ ಕತ್ತರಿಸಿ ಕೂರಿಸಬಹುದು. ಮೊದಲ ಬಾರಿಗೆ ಇಂಥ ವಾಹನ ಕೊಳ್ಳುವವರು, ಕೈಯಲ್ಲಿ ಹೆಚ್ಚು ಹಣವಿಲ್ಲದವರು ಇದರಿಂದ ಆರಂಭಿಸುವುದೇ ಲೇಸೆಂದು ನನಗನಿಸುತ್ತದೆ. ತಿರುವಿನಲ್ಲಿ ಮಾತ್ರ ಅವಸರ ಕೂಡದು.

ಯುದ್ಧಪೂರ್ವದ ಮೂರು ಗಾಲಿಗಳು

ವೇಗ ಬೇಕೆನ್ನುವವರು ಐವತ್ತರ ದಶಕವನ್ನೇ ಬಿಟ್ಟು ಹಿಂದಕ್ಕೆ ಹೋಗಬೇಕು. 1920ರಲ್ಲಿ ಫ್ರಾನ್ಸ್ 350 ಕಿಲೋ ತೂಕ, 1100 ಸಿಸಿ ಎಂಜಿನ್, ಎರಡು ಆಸನಗಳ ಮಿತಿಯೊಳಗಿನ ಸೈಕಲ್‌ಕಾರುಗಳಿಗೆ ತೆರಿಗೆ ಇಳಿಸಿದಾಗ ಕೂರ್ಬೆವ್ವಾದ ರೊಬೇರ್ ದಾರ್ಮೋಂ ಇಂಗ್ಲೆಂಡಿನ ಮಾರ್ಗನ್ ಮೂರು ಗಾಲಿಯನ್ನು ಪರವಾನಗಿಯ ಮೇಲೆ ತಯಾರಿಸತೊಡಗಿದರು. ಸ್ಯಾಂಡ್‌ಫರ್ಡ್ ಮತ್ತು ಆನ್ಯೇರ್‌ನ ದಿರ್ಸಾನ್ ಅದೇ ಜೋಡಣೆಗೆ ರ‍್ಯುಬಿ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿದವು. ಇವು ನಿಜವಾದ ಕ್ರೀಡಾ ಕಾರುಗಳು, ಇಂದಿನ ರಸ್ತೆಯಲ್ಲೂ ಉಳಿದವರ ಜೊತೆಗೆ ಹೆಜ್ಜೆ ಹಾಕಬಲ್ಲವು. ದಾರ್ಮೋಂಗೆ ಮಾರ್ಗನ್ ಬಳಗದ ತಿಳಿವಳಿಕೆಯ ನೆರವೂ ಸಿಗುತ್ತದೆ. ಆದರೆ ಮಳೆಗೆ ಆಸರೆಯಿಲ್ಲ, ಬೆಲೆಯೂ ಪುಟ್ಟ ಕಾರುಗಳ ಲೆಕ್ಕದ್ದಲ್ಲ, ಕೊಳ್ಳುವವರೂ ಬೇರೆಯದೇ ವರ್ಗದವರು. ಇಂಟರ್‌ಗಾಗಿ ಬಂದವರು ಇವುಗಳಲ್ಲಿ ತೃಪ್ತಿ ಪಡುವುದು ಅಪರೂಪ.

ಏಕೆ ನಿಂತವು, ಅದರಿಂದ ಇಂದು ಏನು ಪರಿಣಾಮ

1956ರ ಕೊನೆಯಲ್ಲಿ ಸೂಯೆಜ್ ಕಾಲುವೆ ಮುಚ್ಚಿ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಪುಟ್ಟ ಕಾರುಗಳಿಗೆ ಸುಗ್ಗಿಯಾಗಬೇಕಿತ್ತು. ಇಂಟರ್‌ಗೆ ಅದು ತಡವಾಯಿತು. ಅಷ್ಟರಲ್ಲಿ ರೆನೋ 4ಸಿವಿ ಲಕ್ಷಗಟ್ಟಲೆ ರಸ್ತೆಗಿಳಿದು, ಹಳೆಯವು ಎರಡನೆಯ ಕೈಗೆ ಬರತೊಡಗಿದ್ದವು. ಸಿತ್ರೊಯೆನ್ 2ಸಿವಿ ಸಾಮಾನ್ಯರ ಕೈಗೆಟುಕಿತ್ತು. ನಾಲ್ವರು ಕೂರುವ ಕಾರು ಹೆಚ್ಚುಕಡಿಮೆ ಅದೇ ಹಣಕ್ಕೆ ಸಿಗುವಾಗ ಇಬ್ಬರು ಹಿಂದುಮುಂದು ಕೂರುವ ಮೂರು ಗಾಲಿಯನ್ನು ಕೊಳ್ಳುವವರು ಯಾರು? 1957ರಲ್ಲಿ ಫುರ್‌ಶಾಂಬೋದಲ್ಲಿ ತಯಾರಾದ ವೆಸ್ಪಾ 400 ಎಂಬ ನಾಲ್ಕು ಗಾಲಿಯ ಪುಟ್ಟ ಕಾರು ಬಂದ ಮೇಲೆ ವೆಲಾಮ್ ಕೂಡ ಹೆಚ್ಚು ಕಾಲ ನಿಲ್ಲಲಿಲ್ಲ, 1958ರಲ್ಲಿ ಬಾಗಿಲು ಹಾಕಿತು. ಹೀಗೆ ಸೋಲಿತೊ ಬಿಟ್ಟರೆ ಒಂದೊಂದೂ ಕೆಲವೇ ವರ್ಷ ಮಾತ್ರ ತಯಾರಾದದ್ದರಿಂದ ಅವುಗಳಲ್ಲಿ ಕಾರ್ಖಾನೆಯೇ ನಡುನಡುವೆ ಮಾಡಿದ ಬದಲಾವಣೆಗಳು ತುಂಬಾ ಇರುತ್ತವೆ. ಒಂದು ಕಾರಿನ ದೀಪವೋ ಹಿಡಿಯೋ ಇನ್ನೊಂದಕ್ಕಿಂತ ಬೇರೆ ಎಂದ ಮಾತ್ರಕ್ಕೆ ಅದು ನಕಲಿ ಎಂದು ತೀರ್ಮಾನಿಸಬಾರದು.

ಕೊಳ್ಳುವ ಮುನ್ನ ಸಾಧ್ಯವಾದರೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಲೇನ್ ಮೋಟಾರ್ ಸಂಗ್ರಹಾಲಯವನ್ನು ನೋಡಿಬರುವುದು ಒಳ್ಳೆಯದು. ಯುರೋಪಿನ ವಿಚಿತ್ರ ಪುಟ್ಟ ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಅದರ ಹೆಗ್ಗಳಿಕೆ. ಇಂಟರ್‌ನಂಥ ಕಾರಿನಲ್ಲಿ ಪ್ಲೆಕ್ಸಿಗ್ಲಾಸಿನ (ಗಾಜಿನಂಥ ಪ್ಲಾಸ್ಟಿಕ್ಕಿನ) ಭಾಗ ಹಳದಿಗಟ್ಟಿ, ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಅದನ್ನು ಉಜ್ಜಿ ಸರಿಪಡಿಸಲು ಬರುವುದಿಲ್ಲ. ಅಚ್ಚು ಮಾಡಿಸಿ ಹೊಸದಾಗಿ ಬಗ್ಗಿಸಬೇಕು, ಎಂಜಿನ್ ರಿಪೇರಿಗಿಂತ ಅದೇ ದುಬಾರಿಯಾಗುವುದುಂಟು. ಮೂಲ ಭಾಗ ಎಷ್ಟೇ ಹಾಳಾಗಿದ್ದರೂ ಅಚ್ಚಿಗೆ ಅಳತೆಯಾಗಿ ಬೇಕಾಗುವುದರಿಂದ ಅದನ್ನು ಮಾರಾಟದ ಜೊತೆಗೇ ಕೇಳಿ ಪಡೆಯಬೇಕು.

ಕಾಗದಪತ್ರದ ವಿಷಯಕ್ಕೆ ಬಂದರೆ, ಫ್ರಾನ್ಸಿನಲ್ಲಿ 30 ವರ್ಷ ಮೀರಿದ ವಾಹನವನ್ನು ಸಂಗ್ರಹದ ವಾಹನವೆಂದು ನೋಂದಾಯಿಸಬಹುದು. ದಾಖಲೆ ಕಳೆದಿದ್ದರೆ ಎಫ್‌ಎಫ್‌ವಿಇ ಎಂಬ ಹಳೆಯ ವಾಹನಗಳ ಒಕ್ಕೂಟ ಕೊಡುವ ದೃಢೀಕರಣ ಪತ್ರ ಅದಕ್ಕೆ ಆಧಾರವಾಗುತ್ತದೆ. 1960ಕ್ಕಿಂತ ಮುಂಚೆ ರಸ್ತೆಗಿಳಿದು ಹೀಗೆ ನೋಂದಣಿಯಾದ ವಾಹನಕ್ಕೆ ಕಡ್ಡಾಯ ತಾಂತ್ರಿಕ ತಪಾಸಣೆಯಿಂದ ವಿನಾಯಿತಿ ಇದೆ, ಆದ್ದರಿಂದ ಬ್ರೇಕಿನ ಸ್ಥಿತಿಯನ್ನು ಸರ್ಕಾರ ನೋಡಿರುತ್ತದೆ ಎಂಬ ಭ್ರಮೆ ಬೇಡ, ಸ್ವತಃ ನೋಡಿಕೊಳ್ಳಬೇಕು. ಈ ಕೆಲಸಗಳೆಲ್ಲ ಸಲೀಸಾಗಲು ಬೇಕಾದದ್ದು ತಯಾರಕರ ಹೆಸರೂ ಕ್ರಮಸಂಖ್ಯೆಯೂ ಇರುವ ಪುಟ್ಟ ಲೋಹದ ಫಲಕ. ಇಂಟರ್ ಆಗಲಿ ಸೋಲಿತೊ ಆಗಲಿ, ಆ ಫಲಕದ ಮೂಲ ರಿವೆಟ್ಟುಗಳು ಕದಡದೆ ಇದ್ದು, ಸಂಖ್ಯೆ ಮಾರುವವರ ಕೈಯಲ್ಲಿರುವ ಕಾಗದದ ಜೊತೆ ಹೊಂದಿದರೆ ಮುಂಗಡ ಕೊಡಬಹುದು.